ಸೋಡಿಯಂ ದಾನಶೂರನೇನಲ್ಲ

ಹತ್ತನೇ ತರಗತಿಯಲ್ಲಿ ಅಯಾನಿಕ ಸಂಯುಕ್ತಗಳ ಪಾಠ ಬಂತೆಂದರೆ ಒಂದು ಮಾಮೂಲಿ ಕಥೆ ಇದೆ. ಸೋಡಿಯಂನ ಹೊರಕವಚದಲ್ಲಿ ಒಂದೇ ಇಲೆಕ್ಟ್ರಾನ್, ಕ್ಲೋರಿನ್‌ಗೆ ಎಂಟಾಗಲು ಒಂದು ಕಡಿಮೆ. ಇವನು ಕೊಟ್ಟ, ಅವನು ಇಸಕೊಂಡ, ಇಬ್ಬರೂ ವಿದ್ಯುತ್ ಆವೇಶ ಹೊತ್ತ ಕಣಗಳಾಗಿ, ಅಂದರೆ ಅಯಾನುಗಳಾಗಿ, ಅಡುಗೆ ಉಪ್ಪಿನಲ್ಲಿ ಸುಖವಾಗಿದ್ದರು. ಪರೀಕ್ಷೆಯ ಮಟ್ಟಿಗೆ ಇಷ್ಟು ಸಾಕು. ನಾನು ಮಾತ್ರ ಪಾಠವನ್ನು ಇಲ್ಲಿಂದ ಶುರು ಮಾಡುವುದಿಲ್ಲ.

ನನ್ನ ಮೇಜಿನ ಮೇಲೆ ಮೊದಲು ಬರುವುದು 9 ವೋಲ್ಟ್ ಬ್ಯಾಟರಿ, ಒಂದು ಎಲ್‌ಇಡಿ, 330 ಓಮ್ ರೆಸಿಸ್ಟರ್, ಎರಡೂ ತುದಿ ಚೂಪು ಮಾಡಿದ ಎರಡು ಪೆನ್ಸಿಲ್. ಬರೀ ತಾಮ್ರದ ತಂತಿ ಮುಳುಗಿಸಿದರೆ ತಾಮ್ರವೇ ಕರಗಿ ನೀರು ಬಣ್ಣಗೆಡುತ್ತದೆ, ಅದಕ್ಕೇ ಪೆನ್ಸಿಲ್ಲಿನ ಗ್ರಾಫೈಟ್. ಒಣ ಉಪ್ಪಿಗೆ ಚುಚ್ಚಿದರೆ ದೀಪ ಹತ್ತುವುದಿಲ್ಲ. ಡಿಸ್ಟಿಲ್ಡ್ ವಾಟರ್‌ನಲ್ಲೂ ಇಲ್ಲ, ಅದಕ್ಕೆ ಸಕ್ಕರೆ ಕದಡಿದರೂ ಇಲ್ಲ. ಇನ್ನೊಂದು ಲೋಟದ ಡಿಸ್ಟಿಲ್ಡ್ ವಾಟರ್‌ಗೆ ಉಪ್ಪು ಹಾಕಿ ಕಲಕಿದ್ದೇ ತಡ, ಎಲ್‌ಇಡಿ ಬೆಳಗುತ್ತದೆ. ಪೆನ್ಸಿಲ್ ತುದಿಯಲ್ಲಿ ಗುಳ್ಳೆ ಏಳುತ್ತವೆ, ಸ್ವಲ್ಪ ಹೊತ್ತಿಗೆ ಕ್ಲೋರಿನ್ ವಾಸನೆಯೂ ಬರುತ್ತದೆ. ಕಿಟಕಿ ತೆರೆದಿಟ್ಟು, ಬೇಗ ಬ್ಯಾಟರಿ ಬಿಚ್ಚಬೇಕು.

ನಿಜವಾದ ಗದ್ದಲ ಆಮೇಲೆ. ಬೋರ್‌ವೆಲ್ ನೀರಿಗೆ ಪೆನ್ಸಿಲ್ ಇಳಿಸುತ್ತೇನೆ, ದೀಪ ಮಂಕಾಗಿ ಹತ್ತಿಕೊಳ್ಳುತ್ತದೆ. "ಇದಕ್ಕೆ ಉಪ್ಪೇ ಹಾಕಿಲ್ವಲ್ಲ!" ಹಾಕಿದ್ದು ನಾನಲ್ಲ, ಬಂಡೆ. ಕ್ಯಾಲ್ಸಿಯಂ, ಮೆಗ್ನೀಷಿಯಂ, ಬೈಕಾರ್ಬೊನೇಟ್ ಅಯಾನುಗಳು ಕಲ್ಲಿನಿಂದ ಕರಗಿ ಬಂದಿವೆ. ಕೋಲಾರ, ಪಾವಗಡದ ಕಡೆ ಫ್ಲೋರೈಡ್ ಕೂಡ. ಅಯಾನು ಎಂದರೇನು ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ. ಫ್ಲೋರಿನ್ ಅನಿಲ ಸಿಕ್ಕಿದ್ದನ್ನೆಲ್ಲ ಸುಡುವಂಥದ್ದು. ಒಂದು ಇಲೆಕ್ಟ್ರಾನ್ ಸೇರಿ ಫ್ಲೋರೈಡ್ ಆಯಿತೆಂದರೆ ಬಣ್ಣವಿಲ್ಲ, ವಾಸನೆಯಿಲ್ಲ, ನೀರಿನೊಳಗೆ ತೆಪ್ಪಗಿರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಅದರ ಗುರುತು ಹಲ್ಲಿನ ಮೇಲೆ ಕಾಣತೊಡಗುತ್ತದೆ.

ಇಷ್ಟಾದ ಮೇಲೆ ಬೋರ್ಡಿನ ಮೇಲೆ ಜಮಾ-ಖರ್ಚು ಬರೆಯುತ್ತೇನೆ. ಎಲ್ಲವೂ ಪರಮಾಣುಗಳ ಒಂದು ನಿಗದಿತ ದೊಡ್ಡ ಗುಂಪಿಗೆ, ಅಂದರೆ ಒಂದು ಮೋಲ್‌ಗೆ, ಕಿಲೋಜೂಲ್‌ಗಳಲ್ಲಿ. ಅನಿಲ ಸ್ಥಿತಿಯ ಸೋಡಿಯಂ ಪರಮಾಣುವಿನಿಂದ ಇಲೆಕ್ಟ್ರಾನ್ ಕೀಳಲು ಖರ್ಚು 496. ಅದನ್ನು ಕ್ಲೋರಿನ್ ಪರಮಾಣು ಹಿಡಿದುಕೊಂಡಾಗ ವಾಪಸ್ ಬರುವುದು 349. ಅಂದರೆ ಕೊಟ್ಟು-ಕೊಂಡ ಈ ವ್ಯವಹಾರದಲ್ಲಿ 147 ನಷ್ಟ! ಸೋಡಿಯಂ ಇಲೆಕ್ಟ್ರಾನನ್ನು ಖುಷಿಯಿಂದ ಕೊಡುವುದಿಲ್ಲ, ಕಿತ್ತುಕೊಳ್ಳಬೇಕು. ನಷ್ಟ ತುಂಬುವುದು ಹರಳು. ವಿರುದ್ಧ ಆವೇಶದ ಅಯಾನುಗಳು ಒಟ್ಟಾಗಿ ಜೋಡಿಸಿಕೊಂಡು ಘನವಾಗುವಾಗ 787 ಕಿಲೋಜೂಲ್ ಬಿಡುಗಡೆ. ಅಲ್ಲಿ ಒಂದು ಸೋಡಿಯಂಗೆ ಒಂದು ಕ್ಲೋರಿನ್ ಎಂಬ ಗಂಟುಹಾಕುವಿಕೆಯೂ ಇಲ್ಲ. ಪ್ರತಿ ಸೋಡಿಯಂ ಅಯಾನಿನ ಸುತ್ತ ಆರು ಕ್ಲೋರೈಡ್, ಪ್ರತಿ ಕ್ಲೋರೈಡಿನ ಸುತ್ತ ಆರು ಸೋಡಿಯಂ. ಒಣ ಉಪ್ಪಿನಲ್ಲಿ ದೀಪ ಹತ್ತದಿದ್ದದ್ದು ಯಾಕೆಂದು ಆಗ ಮಕ್ಕಳೇ ಹೇಳುತ್ತಾರೆ. ವಿದ್ಯುತ್ ಹೊರುವ ಅಯಾನುಗಳು ಇವೆ, ಅಲ್ಲಾಡಲು ಜಾಗವಿಲ್ಲ. ನೀರಲ್ಲಿ ಕರಗಿಸಬೇಕು, ಇಲ್ಲವೇ 801 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಕರಗಿಸಬೇಕು.

ಅಣುಸೂತ್ರ ಬರೆಯಲು ವೇಲೆನ್ಸಿ (ಕೊಡುವ ಇಲ್ಲವೇ ಪಡೆಯುವ ಇಲೆಕ್ಟ್ರಾನ್ ಎಷ್ಟೆಂಬ ಸಂಖ್ಯೆ) ಅದಲುಬದಲು ಮಾಡುವ ಅಡ್ಡದಾರಿ ಎಲ್ಲರಿಗೂ ಗೊತ್ತು. ನನಗೆ ಅದು ಅಷ್ಟಾಗಿ ಹಿಡಿಸದು. ರಟ್ಟಿನ ಚೀಟಿ ಕತ್ತರಿಸಿ, ಧನ ಆವೇಶಕ್ಕೆ ಹಲ್ಲು, ಋಣ ಆವೇಶಕ್ಕೆ ಕಚ್ಚು ಮಾಡಿಸುತ್ತೇನೆ. ಅಲ್ಯುಮಿನಿಯಂಗೆ ಮೂರು ಹಲ್ಲು, ಆಕ್ಸೈಡ್‌ಗೆ ಎರಡು ಕಚ್ಚು. ಎರಡು ಅಲ್ಯುಮಿನಿಯಂ, ಮೂರು ಆಕ್ಸೈಡ್ ಇಟ್ಟರೆ ಮಾತ್ರ ಏನೂ ಉಳಿಯುವುದಿಲ್ಲ. ಒಟ್ಟು ಆವೇಶ ಸೊನ್ನೆ, ಅಷ್ಟೇ ನಿಯಮ.

ಜಮಾ-ಖರ್ಚು ಬರೆದ ತರಗತಿಯಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. ಹರಳು ಅಷ್ಟು ಕೊಡುವುದಾದರೆ ಮೆಗ್ನೀಷಿಯಂ ಎರಡಕ್ಕೇ ಯಾಕೆ ನಿಲ್ಲಬೇಕು, ಮೂರು ಕಳೆದುಕೊಳ್ಳಲಿ? ಮೊದಲ ಇಲೆಕ್ಟ್ರಾನ್ ಕೀಳಲು 738, ಎರಡನೆಯದಕ್ಕೆ 1,451. ಇವೆರಡನ್ನೂ ಆಕ್ಸೈಡ್ ಹರಳು ತೀರಿಸಿ ಇನ್ನೂ ಉಳಿಸುತ್ತದೆ, ಅದರ ಗಟ್ಟಿತನಕ್ಕೆ ಕರಗುವ ಬಿಂದು 2,800 ಡಿಗ್ರಿಯ ಮೇಲೆ. ಮೂರನೆಯದು ಒಳಕವಚದ್ದು, ನ್ಯೂಕ್ಲಿಯಸ್ಸಿಗೆ ಹತ್ತಿರ ಇರುವಂಥದ್ದು. ಅದಕ್ಕೆ 7,733 ಕಿಲೋಜೂಲ್ ಬೇಕು. ಮೆಗ್ನೀಷಿಯಂಗೆ ಆ ಖರ್ಚನ್ನು ತುಂಬಿಕೊಡುವ ಹರಳು ಇಲ್ಲ.