ಕಷ್ಟ ಬಂದ ಮನೆಗೆ ಎರಡನೇ ವಾರ ಹೋಗುವುದು

ಕಷ್ಟ ಬಂದ ಮನೆಗೆ ಮೊದಲ ದಿನ ಊರಿಗೆ ಊರೇ ಹೋಗುತ್ತದೆ. ಎರಡನೇ ವಾರ ಅಂಗಳದಲ್ಲಿ ಯಾರೂ ಇರುವುದಿಲ್ಲ. ಆಶಾ ಕಾರ್ಯಕರ್ತೆಯಾಗಿ ನಾನು ಮಾಡಿದ ಕೆಲಸದಲ್ಲಿ ನನಗೆ ಮುಖ್ಯ ಅನಿಸಿದ್ದೆಲ್ಲ ಆ ಎರಡನೇ ವಾರದ್ದೇ. ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನಲ್ಲಿ, ಭೀಮಾ ದಂಡೆಯ ಕಡೆಗಿನ ಊರು ನಮ್ಮದು. ಸಾವಿರ ಜನಕ್ಕೆ ಒಬ್ಬ ಆಶಾ ಎಂಬುದು ಲೆಕ್ಕ. ನನ್ನ ಪಾಲಿನ ಓಣಿಗಳಲ್ಲಿ ಯಾರ ಸೊಸೆ ತವರಿಗೆ ಹೋಗಿದ್ದಾಳೆ, ಯಾರ ಎಮ್ಮೆ ಗಬ್ಬ ಆಗಿದೆ ಎಂಬುದೂ ಗೊತ್ತಿರುತ್ತದೆ. ಬಸುರಿ, ಬಾಣಂತಿ, ಲಸಿಕೆ, ಕ್ಷಯದ ಗುಳಿಗೆ ಅಂತ ತಿರುಗುವವಳಿಗೆ ಜನರ ಮನಸ್ಸಿನ ನೋವೂ ನನ್ನ ಕೆಲಸವೇ ಅಂತ ಮನದಟ್ಟಾದದ್ದು 2020ರಲ್ಲಿ.

ಆ ವರ್ಷ ಮಾರ್ಚ್‌ನಲ್ಲಿ ದೇಶದ ಮೊದಲ ಕೊರೊನಾ ಸಾವು ಆದದ್ದು ನಮ್ಮ ಕಲಬುರಗಿಯಲ್ಲೇ. ಮುಂಬೈ, ಪುಣೆಗೆ ಗುಳೆ ಹೋದವರು ತಿರುಗಿ ಬಂದಾಗ ಸ್ವಂತ ಅಣ್ಣತಮ್ಮಂದಿರೇ ಬಾಗಿಲು ತೆರೆಯಲು ಅಂಜಿದರು. ಆ ಅಂಜಿಕೆ ಇನ್ನೂ ಆರಿರಲಿಲ್ಲ, ಅಕ್ಟೋಬರ್‌ನಲ್ಲಿ ಮಳೆ ಹಿಡಿಯಿತು. ಮಹಾರಾಷ್ಟ್ರದ ಉಜನಿ, ವೀರ್ ಅಣೆಕಟ್ಟೆಗಳಿಂದ ನೀರು ಬಿಟ್ಟರು, ಸೊನ್ನ ಬ್ಯಾರೇಜ್ ದಾಟಿ ಭೀಮಾ ಊರೊಳಗೆ ಬಂದಳು. ಜನರನ್ನು ಶಾಲೆಯಲ್ಲಿ ತೆರೆದ ಕಾಳಜಿ ಕೇಂದ್ರಕ್ಕೆ ಕರೆತಂದರು.

ಅಲ್ಲಿ ಒಬ್ಬ ಮುದುಕಿ ಕೊಟ್ಟ ಅನ್ನ ಮುಟ್ಟದೆ ಗೋಡೆಗೆ ಒರಗಿ ಕೂತಿದ್ದಳು. ಎಲ್ಲರೂ ಬಂದು "ಯವ್ವಾ, ಧೈರ್ಯ ತಗೋ" ಅಂತ ಹೇಳಿ ಹೋಗುತ್ತಿದ್ದರು. ನಾನು ಬಾಜೂಕ ಕೂತು "ಏನ್ ಬಿಟ್ಟು ಬಂದಿ ಯವ್ವಾ?" ಅಂತ ಕೇಳಿದೆ. ಅವಳ ಆಕಳು ಹಗ್ಗದಲ್ಲೇ ಇತ್ತಂತೆ, ಕಣ್ಣಿ ಬಿಚ್ಚಿದ್ದಾರೋ ಇಲ್ಲವೋ ತಿಳಿಯದು. ಊರ ಹುಡುಗನೊಬ್ಬನಿಗೆ ಫೋನ್ ಹಚ್ಚಿ, ಬಿಚ್ಚಿ ದಿಬ್ಬಕ್ಕೆ ಹೊಡೆದಿದ್ದಾರೆ ಅಂತ ಅವನ ಬಾಯಿಂದಲೇ ಕೇಳಿಸಿದೆ. ಆಮೇಲೆ ಅವಳು ನೀರು ಕುಡಿದಳು. ವಿಶ್ವ ಆರೋಗ್ಯ ಸಂಸ್ಥೆಯವರು ಇಂಥ ಹೊತ್ತಿಗೆ ಮೊದಲು ನೋಡಿ, ಆಮೇಲೆ ಕೇಳಿ, ಆಮೇಲೆ ಬೇಕಾದವರ ಜೊತೆ ಜೋಡಿಸಿ ಎನ್ನುತ್ತಾರೆ. ನನಗೆ ಕಂಡಂತೆ ನಮ್ಮ ಜನ ಎಡವುವುದು ನಡುವಿನದರಲ್ಲಿ, ಕೇಳುವುದರಲ್ಲಿ.

ಮರುದಿನ ಹೆಂಗಸರೇ ಒಲೆ ಹೂಡಿ ರೊಟ್ಟಿ ಬಡಿಯಲು ಕೂತರು. ಹೊರಗಿನಿಂದ ಊಟದ ಪೊಟ್ಟಣ ಬರುತ್ತಿತ್ತು, ಆದರೂ ನಾನು ಬೇಡ ಅನ್ನಲಿಲ್ಲ. ಕೈಗೆ ಕೆಲಸ ಸಿಕ್ಕ ಮೇಲೆ ಆ ಕೋಣೆಯ ಗದ್ದಲವೇ ಬೇರೆ ಆಯಿತು. ಆ ಮುದುಕಿಯೂ ಎದ್ದು ಹಿಟ್ಟು ನಾದಿದಳು.

ಆದರೆ ನನಗೆ ನಿಜವಾಗಿ ಕಲಿಸಿದ್ದು 2022ರ ತೊಗರಿ. ನಮ್ಮ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ (ಈ ನೆಲದ ವಿಶೇಷ ಬೆಳೆ ಎಂಬ ಸರ್ಕಾರಿ ಗುರುತು) ಬಂತು, ಜಿಲ್ಲೆಯ ಬದುಕೇ ಅದರ ಮೇಲೆ ನಿಂತಿದೆ. ಆ ವರ್ಷ ಹೂ, ಕಾಯಿ ಕಟ್ಟುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗಿದವು. ನೆಟೆ ರೋಗ. ಬುಡ ಸೀಳಿ ನೋಡಿದರೆ ಒಳಗೆ ಕಪ್ಪು ಗೆರೆ. ಮೇಲೆ ಎಣ್ಣಿ (ಬೆಳೆಗೆ ಹೊಡೆಯುವ ವಿಷದ ಔಷಧಿ) ಹೊಡೆದರೆ ಹೋಗುವ ರೋಗವಲ್ಲ ಇದು, ಇದರ ಶಿಲೀಂಧ್ರ ಮಣ್ಣಲ್ಲೇ ವರ್ಷಗಟ್ಟಲೆ ಉಳಿಯುತ್ತದೆ. ಬಿತ್ತನೆಯಿಂದ ರಾಶಿಯವರೆಗೆ ಆರು ತಿಂಗಳು ಕಾದ ಬೆಳೆ ಹೋದ ಮೇಲೆ, ಮುಂದಿನ ವರ್ಷ ಅದೇ ಹೊಲದಲ್ಲಿ ಏನು ಬಿತ್ತಬೇಕು ಎಂಬ ಚಿಂತೆಯೂ ರೈತನ ತಲೆ ಮೇಲೆ ಬಂತು.

ಎಳ್ಳ ಅಮಾಸಿಗೆ ನಮ್ಮ ಕಡೆ ಊರೇ ಹೊಲದಲ್ಲಿರುತ್ತದೆ. ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ, ಕಡುಬು ಕಟ್ಟಿಕೊಂಡು ಹೋಗಿ ಚರಗ ಚೆಲ್ಲುವುದು, ಅಂದರೆ ಬೆಳೆದು ನಿಂತ ಹೊಲಕ್ಕೆ ಎಡೆ ಕೊಡುವುದು. ಆ ದಿನ ಒಬ್ಬ ಕಾಕಾ ಹೊಲಕ್ಕೆ ಹೋಗದೆ ಮನೆಯಲ್ಲೇ ಉಳಿದಿದ್ದಾರೆ ಅಂತ ಅವರ ಸೊಸೆ ಹೇಳಿದಳು. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.) ಸಾಲ ಎಲ್ಲರಿಗೂ ಇರುತ್ತದೆ, ಬೆಳೆ ಎಲ್ಲರದ್ದೂ ಹೋಗಿತ್ತು. ಆದರೆ ಚರಗ ಬಿಟ್ಟರು ಅಂದ ಕೂಡಲೇ ನನ್ನ ಎದೆ ಧಸಕ್ಕೆಂದಿತು. ಕೇಳುತ್ತಾ ಹೋದಂತೆ ಉಳಿದದ್ದೂ ಹೊರಬಿತ್ತು: ರಾತ್ರಿ ನಿದ್ದೆ ಇಲ್ಲ, ಕಟ್ಟೆಗೆ ಬರುವುದು ಬಿಟ್ಟಿದ್ದಾರೆ, ಜೋಡೆತ್ತನ್ನು ಸಿಕ್ಕ ರೇಟಿಗೆ ಕೊಡಲು ಹೊರಟಿದ್ದಾರೆ.

ಮೊಮ್ಮಗನ ಲಸಿಕೆ ಕಾರ್ಡ್ ನೋಡುವ ನೆಪದಲ್ಲಿ ಹೋದೆ. "ಹೊಲದಾಗ ಏನದ ಅಂತ ಚರಗ ಚೆಲ್ಲಲಿ ಹೇಳು?" ಅಂದರು. ನಾನು ಉತ್ತರ ಕೊಡಲಿಲ್ಲ. ಚಾ ಬಂತು, ಕುಡಿದೆವು. ಸಾವಕಾಶ ಆದ ಮೇಲೆ ನೇರವಾಗಿ ಕೇಳಿದೆ: "ಕಾಕಾ, ಜೀವಾನೇ ಬ್ಯಾಡ ಅನಸ್ತದೇನ್ರಿ?" ಹೀಗೆ ಕೇಳಿದರೆ ಇಲ್ಲದ ವಿಚಾರ ತಲೆಗೆ ಬರುತ್ತದೆ ಅಂತ ಹಲವರು ಅಂಜುತ್ತಾರೆ. ಹಾಗಾಗುವುದಿಲ್ಲ, ತರಬೇತಿಯಲ್ಲೂ ಇದನ್ನೇ ಹೇಳಿಕೊಟ್ಟಿದ್ದರು. ಕಾಕಾ ಬಹಳ ಹೊತ್ತು ನೆಲ ನೋಡಿದರು. "ಒಮ್ಮೊಮ್ಮಿ ಅನಸ್ತದವ್ವ" ಅಂದರು. ಹೇಳಿದ ಮೇಲೆ ಅವರ ಹೆಗಲ ಭಾರ ಇಳಿದದ್ದು ನನಗೆ ಕಂಡಿತು.

ಅವತ್ತೇ ಮಾಡಿದ್ದು ಎರಡು ಕೆಲಸ. ಮನೆಯಲ್ಲಿದ್ದ ಎಣ್ಣಿ ಡಬ್ಬಿಗಳನ್ನೆಲ್ಲ ಅವರ ಭಾವಮೈದುನನ ಮನೆಯ ಪೆಟ್ಟಿಗೆಗೆ ಹಾಕಿ ಕೀಲಿ ಜಡಿಸಿದೆ, ಕೀಲಿ ಅವನ ಹತ್ತಿರವೇ ಇರಲಿ ಅಂದೆ. ಆ ವಾರ ರಾತ್ರಿ ಕಾಕಾನ ಜೊತೆ ಅವನೇ ಮಲಗಿದ. ಕೆಟ್ಟ ವಿಚಾರ ಉಕ್ಕಿ ಬಂದ ಗಳಿಗೆ ಬಹಳ ಸಲ ಸಣ್ಣದಿರುತ್ತದೆ. ಆ ಗಳಿಗೆಯಲ್ಲಿ ವಿಷ ಕೈಗೆಟುಕದಂತೆ ಮಾಡುವುದು ಮತ್ತು ಪಕ್ಕದಲ್ಲಿ ಒಬ್ಬ ಮನುಷ್ಯ ಇರುವುದು ಎಲ್ಲ ಉಪದೇಶಕ್ಕಿಂತ ದೊಡ್ಡದು.

ಆಸ್ಪತ್ರೆ ಅಂದ ಕೂಡಲೇ ಕಾಕಿ ಅಂಜಿದರು, "ಪೊಲೀಸರು ಕೇಳ್ತಾರೇನವ್ವ?" ಅಂದರು. ಇಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ, ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರನ್ನೇ ತೀವ್ರ ಒತ್ತಡದಲ್ಲಿದ್ದವರು ಎಂದು ಭಾವಿಸಬೇಕು, ಅವರ ಆರೈಕೆ ಸರ್ಕಾರದ ಹೊಣೆ. ಬರೀ ಸಂಕಟ ಹೇಳಿಕೊಂಡವರಿಗೆ ಕೇಸಿನ ಮಾತೇ ಇಲ್ಲ. ಮನಸ್ಸಿನ ಕಾಯಿಲೆ ನೋಡುವ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರು ಗುಳಿಗೆ ಬರೆದರು.

ಇಲ್ಲಿಂದ ಮುಂದೆ ಎರಡನೇ ವಾರದ ಮಾತು. ಈ ಗುಳಿಗೆಯ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಬಾಯಿ ಒಣಗುವುದು, ಹೊಟ್ಟೆ ತೊಳಸುವುದು ಮಾತ್ರ ಮೊದಲ ದಿನಗಳಲ್ಲೇ ಶುರುವಾಗುತ್ತದೆ. ಜನ ಗುಳಿಗೆ ಬಿಡುವುದು ಆಗಲೇ. ಅದೇ ಹೊತ್ತಿಗೆ ಬಂಧುಗಳೂ ಬರುವುದು ನಿಲ್ಲಿಸಿರುತ್ತಾರೆ. ಹಾಗಾಗಿ ನಾನು ಹೊರಡುವಾಗಲೇ "ಗುರುವಾರ ಸಂಜಿಗಿ ಮತ್ತ ಬರ್ತೀನ್ರಿ" ಅಂತ ದಿನ ಹೇಳಿ ಬರುತ್ತಿದ್ದೆ, ಹೇಳಿದ ದಿನ ತಪ್ಪದೆ ಹೋಗುತ್ತಿದ್ದೆ. ನನ್ನಿಂದಾಗದ ದಿನ ಕಿರಾಣಿ ಅಂಗಡಿಯ ಅಣ್ಣ ಹೋಗುತ್ತಿದ್ದ, ಇನ್ನೊಂದು ದಿನ ಭಜನಿ ಮೇಳದ ಹಿರಿಯರು. ಗುಳಿಗೆಯ ಮಾತನ್ನು ಅವರು ಎತ್ತುತ್ತಿರಲಿಲ್ಲ, ಎತ್ತಿನ ಮಾತು ಆಡುತ್ತಿದ್ದರು. ಎತ್ತು ಮಾರಾಟ ಹಾಗೇ ನಿಂತಿತು.

ಮನೆಯವರು ಗಾಣಗಾಪುರಕ್ಕೂ ಕರೆದೊಯ್ಯುತ್ತೇವೆ ಅಂದರು. ಮನಸ್ಸು ಕೆಟ್ಟವರನ್ನು ದತ್ತನ ಸನ್ನಿಧಿಗೆ ಕರೆತರುವುದು ನಮ್ಮ ಭಾಗದಲ್ಲಿ ಹಳೆಯ ರೂಢಿ. ನಾನು ತಡೆಯಲಿಲ್ಲ. "ಹೋಗಿ ಬರ್ರಿ, ಗುಳಗಿ ಚೀಟಿ ಜೋಡಿ ಇರ್ಲಿ, ಒಂದು ಹೊತ್ತೂ ಬಿಡಬ್ಯಾಡ್ರಿ" ಅಂದೆ. ದೇವರನ್ನೂ ಡಾಕ್ಟರನ್ನೂ ಎದುರುಬದುರು ನಿಲ್ಲಿಸಿದರೆ ಸೋಲುವುದು ರೋಗಿಯೇ ಅಂತ ನನ್ನ ಗಟ್ಟಿ ನಂಬಿಕೆ. ಬೆಳೆ ಹಾನಿಯ ಅರ್ಜಿಗೆ ಪಹಣಿ, ಬ್ಯಾಂಕ್ ಪುಸ್ತಕ ಹೊಂದಿಸಲು ಅವರ ಮಗನನ್ನು ರೈತ ಸಂಪರ್ಕ ಕೇಂದ್ರಕ್ಕೆ ಕಳಿಸಿದೆವು. ರೊಕ್ಕದಿಂದ ಹುಟ್ಟಿದ ಸಂಕಟಕ್ಕೆ ರೊಕ್ಕದ ದಾರಿಯನ್ನೂ ಹುಡುಕಬೇಕಾಗುತ್ತದೆ.

ಇನ್ನು ನನ್ನ ಮಾತು. ಇಂಥ ಮನೆಗಳಿಂದ ಬಂದ ರಾತ್ರಿ ನನಗೂ ನಿದ್ದೆ ಬರುತ್ತಿರಲಿಲ್ಲ. ತಲೆಶೂಲೆ, ಮಕ್ಕಳ ಮೇಲೆ ರೇಗುವುದು, ಫೋನ್ ಬಡಿದರೆ ಎದೆ ಹೊಡೆದುಕೊಳ್ಳುವುದು: ನನ್ನ ಮಟ್ಟಿಗೆ ದಣಿವಿನ ಗುರುತು ಇವೇ. ಈಗ ಅವು ಕಂಡ ದಿನವೇ ಕೆಲಸ ಕಡಿಮೆ ಮಾಡುತ್ತೇನೆ. ರೊಟ್ಟಿ ತಿನ್ನದೆ ಮನೆ ಬಿಡುವುದಿಲ್ಲ. ಏಪ್ರಿಲ್, ಮೇನಲ್ಲಿ ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಬಿಸಿಲಿಗಾಗಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತವೆ. ನಾನೂ ಮನೆ ಭೇಟಿಗಳನ್ನು ಮುಂಜಾನೆ ಮತ್ತು ಹೊತ್ತು ಮುಳುಗಿದ ಮೇಲೆ ಇಟ್ಟುಕೊಂಡೆ. ನಡುವೆ ಮಜ್ಜಿಗೆ ಕುಡಿದು ಒಂದು ನಿದ್ದೆ.

ನನಗೆ ಎಲ್ಲಕ್ಕಿಂತ ದೊಡ್ಡ ಆಧಾರ ಅಂಗನವಾಡಿ ಟೀಚರ್ ಅಕ್ಕ. ಸಂಜೆ ಅಂಗನವಾಡಿ ಮೆಟ್ಟಿಲ ಮೇಲೆ ಇಬ್ಬರೂ ಕೂರುತ್ತೇವೆ. ಯಾರ ಮನೆಯ ಗುಟ್ಟೂ ಅಲ್ಲಿ ಬರುವುದಿಲ್ಲ. ಹಳ್ಳಿಯಲ್ಲಿ ಒಂದು ಮಾತು ಹೊರಬಿದ್ದರೆ ಮತ್ತೆ ಯಾರೂ ಬಾಗಿಲು ತೆರೆಯುವುದಿಲ್ಲ. ನಮ್ಮ ಎದೆಯ ಭಾರವನ್ನಷ್ಟೇ ಹೇಳಿಕೊಳ್ಳುತ್ತೇವೆ. ಅಕ್ಕ ಸುಮ್ಮನೆ ಕೇಳುತ್ತಾಳೆ, ಒಮ್ಮೊಮ್ಮೆ ಶೇಂಗಾ ಸುಲಿದು ಕೈಗಿಡುತ್ತಾಳೆ. ಅವಳ ಹತ್ತಿರವೂ ಹೇಳಲಾಗದ್ದು ಬಂದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದೆ. 2022ರ ಅಕ್ಟೋಬರ್‌ನಿಂದ ಇದೆ, ಹಗಲು ರಾತ್ರಿ ಎತ್ತುತ್ತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆರೈಕೆ ಮಾಡುವವರೂ ಮಾಡಬಹುದು ಅಂತ ಬಹಳ ಮಂದಿಗೆ ಗೊತ್ತಿಲ್ಲ.

ಕಾಕಾ ಆ ಹೊಲಕ್ಕೆ ಮರುವರ್ಷ ತೊಗರಿ ಹಾಕಲಿಲ್ಲ, ಜೋಳ ಬಿತ್ತಿದರು. ಸಾಲ ಪೂರಾ ತೀರಿಲ್ಲ. ಡಾಕ್ಟರು ಹೇಳಿದ ಮೇಲೆ ಗುಳಿಗೆಯನ್ನು ಮೆಲ್ಲಗೆ ಇಳಿಸಿ ನಿಲ್ಲಿಸಿದ್ದಾರೆ. ಎಣ್ಣಿ ಡಬ್ಬಿ ಈಗಲೂ ಭಾವಮೈದುನನ ಮನೆಯಲ್ಲೇ, ಹೊಡೆಯುವ ದಿನ ಮಾತ್ರ ಕೇಳಿ ತರುತ್ತಾರೆ. ನಾನು ಆ ಓಣಿಗೆ ಲಸಿಕೆಗೆ ಹೋದಾಗ ಅವರ ಮನೆಯಲ್ಲಿ ಒಂದು ಚಾ ಕುಡಿದೇ ಬರುತ್ತೇನೆ.