ವಿಕಾಸದ ಮರಕ್ಕೆ ಹುಣಸೆ ಬೀಜದ ದಂಡ: ನನ್ನ ಅನುಭವ

ಬಿಎಸ್ಸಿ ಮಕ್ಕಳಿಂದ ವಿಕಾಸದ ಮರ (ಯಾವ ಪ್ರಾಣಿ ಯಾವುದಕ್ಕೆ ಹತ್ತಿರದ ಸಂಬಂಧಿ ಎಂದು ತೋರಿಸುವ ಕವಲುಚಿತ್ರ) ಕಟ್ಟಿಸುವುದು ಆಗದ ಕೆಲಸ, ಚಿತ್ರ ಬಾಯಿಪಾಠ ಮಾಡಿಸಿದರೆ ಸಾಕು ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಈ ವರ್ಷ ನಮ್ಮ ಮಕ್ಕಳು ತಾವೇ ಕಟ್ಟಿ ತೋರಿಸಿದರು.

ಮೊದಲು ಫ್ಲೆಕ್ಸ್ ಚಾರ್ಟ್ ಮಾಡಿಸಿದ್ದೆ. 800 ರೂಪಾಯಿ ಹತ್ತಿರ ಹೋಯಿತು, ಮಕ್ಕಳು ನೋಡಿಕೊಂಡು ಬರೆದರು, ಅಷ್ಟೇ. ಥರ್ಮಾಕೋಲ್ ಮರ ತಿರುಗಿಸಲು ಹೋದರೆ ಮುರಿಯುತ್ತಿತ್ತು. ಇಂಥ ಮರ ಕಟ್ಟುವ ಮೆಗಾ ಎಂಬ ಸಾಫ್ಟ್‌ವೇರಿನಲ್ಲಿ ಬಟನ್ ಒತ್ತಿದರೆ ಮರ ಬರುತ್ತದೆ. ಯಾಕೆ ಹಾಗೆ ಬಂತು ಎಂದರೆ ಯಾರೂ ಬಾಯಿ ಬಿಡುವುದಿಲ್ಲ.

ಕೈ ಹಿಡಿದದ್ದು ದಂಡದ ಆಟ. ಕಪ್ಪೆ, ಹಲ್ಲಿ, ಕಾಗೆ, ಬಾವಲಿ, ಹಸು. ಹೊರಗುಂಪಿಗೆ, ಅಂದರೆ ಹೋಲಿಸಿ ನೋಡಲು ಗುಂಪಿನ ಹೊರಗಿನ ಪ್ರಾಣಿಯಾಗಿ, ಮೀನು. ಕಾರ್ಡಿನಲ್ಲಿ ಬರೆದ ಲಕ್ಷಣ (ರೆಕ್ಕೆ, ಕೂದಲು ಹೀಗೆ) ಕೊಂಬೆಯ ಮೇಲೆ ಹೊಸದಾಗಿ ಬಂದರೂ ಒಂದು ಹುಣಸೆ ಬೀಜ ದಂಡ, ಹೋದರೂ ಒಂದು. ಕಡಿಮೆ ದಂಡದ ಮರ ಗೆದ್ದಂತೆ. ಮೊದಲು ರೂಪಾಯಿ ನಾಣ್ಯ ಇಟ್ಟಿದ್ದೆ, ಅರ್ಧಕ್ಕರ್ಧ ವಾಪಸ್ ಬರಲಿಲ್ಲ.

ರೆಕ್ಕೆ ನೋಡಿ ಬಾವಲಿಯನ್ನು ಕಾಗೆ ಜೊತೆ ಸೇರಿಸಿ, ಹಸುವನ್ನು ಆ ಜೋಡಿಯ ಪಕ್ಕದ ಕೊಂಬೆಗೆ ಇಡುವ ಗುಂಪು ಇದ್ದೇ ಇರುತ್ತದೆ. ತಡೆಯಬೇಡಿ. ರೆಕ್ಕೆಗೆ ಎರಡರ ಬದಲು ಒಂದೇ ಬೀಜ ಸಾಕು, ನಿಜ. ಆದರೆ ಕೂದಲು, ಹಾಲು, ಕಿವಿಯ ಮೂರು ಮೂಳೆ, ಪ್ರತಿಯೊಂದಕ್ಕೂ ಎರಡೆರಡು. ಒಟ್ಟು 7. ಬಾವಲಿ ಹಸುವಿನ ಜೊತೆ, ಕಾಗೆ ಹಲ್ಲಿಯ ಜೊತೆ ಇದ್ದರೆ 5.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಬಿಸಿರಕ್ತ, ನಾಲ್ಕು ಕೋಣೆಯ ಹೃದಯ ಯಾಕೆ ಬಿಟ್ರಿ ಸರ್?" ಎಂದಳು. ಸೇರಿಸಿದೆವು. ಎರಡೂ ಮರಕ್ಕೆ ದಂಡ ಸಮ, 9ಕ್ಕೆ 9! ಬೇರೆ ಬೇರೆಯಾಗಿ ಬಂದ ಹೋಲಿಕೆ ಎಷ್ಟು ಮೋಸ ಮಾಡುತ್ತದೆ ಎಂದು ಇದಕ್ಕಿಂತ ಚೆನ್ನಾಗಿ ಯಾವ ಪಾಠವೂ ಹೇಳಲಾರದು. ಮರುದಿನ ಅಂಗಡಿಯಿಂದ ಕೋಳಿ ರಕ್ತ, ಕುರಿ ರಕ್ತ ತಂದು ಸ್ಲೈಡ್ ಮಾಡಿದೆವು. ಕೋಳಿಯ ಕೆಂಪು ಕಣದ ನಡುವೆ ಕೋಶಕೇಂದ್ರ ಎದ್ದು ಕಾಣುತ್ತದೆ, ಕುರಿಯದರಲ್ಲಿ ಇಲ್ಲ. ಅದರ ಜೊತೆ ಕೆಳದವಡೆಯ ಒಂದೇ ಮೂಳೆಯನ್ನೂ ಸೇರಿಸಿದೆವು. ಹಸುವಿನ ಜೊತೆಗಿದ್ದರೆ 11, ಕಾಗೆ ಜೊತೆಗಿದ್ದರೆ 13. ಬಾವಲಿ ಹಸುವಿನ ಕಡೆಗೇ ಬಂತು.

ಕೊಂಬೆಗೆ ಎಲೆಕ್ಟ್ರಿಷಿಯನ್ ಕೊಟ್ಟ ವೈರ್ ತುಂಡು, ಪುಕ್ಕಟೆ. "ಕಪ್ಪೆ ಮೀನಿನ ಪಕ್ಕದಲ್ಲಿದೆ, ಹತ್ತಿರದ ಸಂಬಂಧ ಅಲ್ವಾ?" ಎಂದು ಕೇಳಿದವರ ಕೈಗೇ ವೈರ್ ಕೊಡಿ. ಕವಲು ತಿರುಗಿಸಿದರೆ ಮೀನಿನ ಪಕ್ಕ ಹಸು ಬಂದು ನಿಲ್ಲುತ್ತದೆ, ಮರ ಮಾತ್ರ ಅದೇ.

ಲಕ್ಷಣದ ಕಾರ್ಡುಗಳನ್ನು ಯಾವ ಕ್ರಮದಲ್ಲಿ ಕೊಡುತ್ತೇನೆ ಎಂದು ಇಲ್ಲಿ ಹೇಳುವುದಿಲ್ಲ. ಅರ್ಧ ಕೆಲಸ ಅದರಲ್ಲೇ ಇದೆ. ಪ್ರಾಣಿಗಳನ್ನು ಮಾತ್ರ ಜಾಸ್ತಿ ಮಾಡಬೇಡಿ. ಮೀನು ಬಿಟ್ಟು ಐದಿದ್ದರೆ ಸಾಧ್ಯವಿರುವ ಮರಗಳು 105. ಮೊಸಳೆಯೊಂದನ್ನು ಸೇರಿಸಿದರೆ 945.