ಚೀಲ ಬಾಗಿಲ ಹಿಂದೆ ನೇತಾಡಲಿ

ಮನೆಯ ಕಸ ಕಡಿಮೆ ಮಾಡಬೇಕು ಅಂದ ತಕ್ಷಣ ತುಂಬಾ ಜನ ಹೊಸ ಸಾಮಾನು ತರುವುದಕ್ಕೆ ಹೊರಡುತ್ತಾರೆ. ಬಿದಿರಿನ ಬ್ರಷ್, ಸ್ಟೀಲ್ ಸ್ಟ್ರಾ, ಚಂದದ ಮಾತು ಅಚ್ಚು ಹಾಕಿಸಿದ ಬಟ್ಟೆ ಚೀಲ. ದಯವಿಟ್ಟು ಬೇಡ. ಬೇಕಾದ್ದರಲ್ಲಿ ಮುಕ್ಕಾಲು ಪಾಲು ನಿಮ್ಮ ಅಟ್ಟದ ಮೇಲೆ, ಬೀರುವಿನ ಕೆಳಗಿನ ಖಾನೆಯಲ್ಲಿ ಆಗಲೇ ಇದೆ. ನಾನು 45 ವರ್ಷದಿಂದ ಸಂಸಾರ ನಡೆಸುತ್ತಿದ್ದೇನೆ, ಅದರಲ್ಲಿ ಜಾಸ್ತಿ ಮೈಸೂರಿನಲ್ಲೇ. ಇಷ್ಟು ವರ್ಷದಲ್ಲಿ ನನಗೆ ಚೆನ್ನಾಗಿ ಗೊತ್ತಾಗಿರುವ ವಿಷಯ ಒಂದಿದೆ. ಮತ್ತೆ ಮತ್ತೆ ಬಳಸುವ ವಸ್ತು ಮನೆಯಲ್ಲಿ ಇದ್ದರೆ ಸಾಲದು, ಬೇಕಾದ ಹೊತ್ತಿಗೆ ಕೈಗೆ ಸಿಗಬೇಕು.

ನಮ್ಮ ಮನೆಯಲ್ಲಿ ಎಂಟು ಹತ್ತು ಚೀಲ ಇದ್ದವು. ಆದರೂ ಸೊಪ್ಪು ತರಕಾರಿ ಕವರಿನಲ್ಲೇ ಬರುತ್ತಿತ್ತು. ಯಾಕೆಂದರೆ ಚೀಲಗಳೆಲ್ಲ ಅಡುಗೆಮನೆಯಲ್ಲಿ ಮಡಚಿ ಕೂತಿದ್ದವು, ನಮ್ಮ ಯಜಮಾನರು ಸಂಜೆ ವಾಕಿಂಗ್ ಮುಗಿಸಿ ಬರುವಾಗ ದಾರಿಯಲ್ಲಿ ಎಳೆ ಬೆಂಡೆಕಾಯಿ ಕಂಡರೆ ಅಲ್ಲೇ ನಿಂತು ಕೊಳ್ಳುವವರು. ಕೊನೆಗೆ ಬಾಗಿಲ ಹಿಂದೆ ಒಂದು ಮೊಳೆ ಹೊಡೆಸಿ ಮೂರು ಚೀಲ ನೇತುಹಾಕಿದೆ. ಸ್ಕೂಟರಿನ ಡಿಕ್ಕಿಯಲ್ಲಿ ಎರಡು ಇಟ್ಟೆ. ಹಳೆಯ ವಾಯಿಲ್ ಸೀರೆಯಲ್ಲಿ ತೆಳ್ಳಗೆ ಹೊಲಿದದ್ದೊಂದು ಅವರ ಪ್ಯಾಂಟಿನ ಜೇಬಿಗೆ ಹೋಯಿತು, ಮಡಚಿದರೆ ಕರ್ಚೀಫಿನಷ್ಟೇ ಆಗುತ್ತದೆ. ಸಾಮಾನು ಇಳಿಸಿದ ಕೂಡಲೇ ಚೀಲ ಮತ್ತೆ ಮೊಳೆಗೆ ಹೋಗಬೇಕು, ಅದೊಂದು ಅಭ್ಯಾಸ ಕೂತರೆ ಆಯಿತು.

ಚೀಲಕ್ಕೆ ಹೊಸ ಬಟ್ಟೆ ಕೊಳ್ಳಬೇಡಿ. ಆಲೂಗಡ್ಡೆ, ಈರುಳ್ಳಿಯಂಥ ಭಾರದ ಸಾಮಾನಿಗೆ ಹಳೆ ಪ್ಯಾಂಟಿನ ಕಾಲಿನಷ್ಟು ಗಟ್ಟಿ ಬಟ್ಟೆ ಇನ್ನೊಂದಿಲ್ಲ. ಮಂಡಿ ಹತ್ತಿರ ಸವೆದಿದ್ದರೆ ಆ ಭಾಗ ಬಿಟ್ಟು ಮೇಲಿನದು ತೆಗೆದುಕೊಳ್ಳಿ, ಕೆಳಗೆ ಎರಡು ಸಾಲು ಹೊಲಿಗೆ ಹಾಕಿ, ಸೊಂಟದ ಪಟ್ಟಿಯನ್ನೇ ಬಿಚ್ಚಿ ಹಿಡಿ ಮಾಡಿ. ಹಿಡಿಯನ್ನು ಚೀಲದ ಬಾಯಿಗೆ ಸುಮ್ನೆ ಅಂಟಿಸಿದ ಹಾಗೆ ಹೊಲಿಯಬೇಡಿ. ನಾಲ್ಕು ಬೆರಳಷ್ಟು ಒಳಗೆ ಇಳಿಸಿ, ಚೌಕವಾಗಿ ಹೊಲಿದು, ಆ ಚೌಕದೊಳಗೆ ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆಯಿರಿ. ಚೀಲ ಹರಿಯುವುದು ಯಾವಾಗಲೂ ಹಿಡಿಯ ಬುಡದಲ್ಲೇ ಅಲ್ವಾ?

ಸೀರೆ ಅಂಗಡಿಯಲ್ಲಿ, ಮದುವೆ ಮನೆಯಲ್ಲಿ ಕೊಡುವ, ಬಟ್ಟೆಯ ಹಾಗೆ ಕಾಣುವ ಬಣ್ಣದ ಚೀಲಗಳ ಬಗ್ಗೆ ಒಂದು ಮಾತು. ಅವುಗಳಲ್ಲಿ ಎಷ್ಟೋ ಬಟ್ಟೆಯೇ ಅಲ್ಲ, ಪ್ಲಾಸ್ಟಿಕ್ಕಿನ ಎಳೆಗಳನ್ನು ಒತ್ತಿ ಅಂಟಿಸಿದ್ದು. ನೇಯ್ದ ಬಟ್ಟೆಯಾದರೆ ಅಂಚಿನಿಂದ ನೂಲು ಎಳೆದರೆ ಬರುತ್ತದೆ, ಇದರಲ್ಲಿ ಬರುವುದಿಲ್ಲ. ಸ್ವಲ್ಪ ದಿನಕ್ಕೆ ಪುಡಿಪುಡಿಯಾಗಿ ಉದುರಲು ಶುರುವಾಗುತ್ತದೆ. ಮನೆಗೆ ಬಂದದ್ದನ್ನು ಹರಿಯುವ ತನಕ ಬಳಸಿ, ಆದರೆ ಹೊಸದಾಗಿ ಯಾರಾದರೂ ಕೊಟ್ಟರೆ ಬೇಡ ಅನ್ನಿ.

ಅಡುಗೆಮನೆಯಲ್ಲಿ ಟಿಶ್ಯೂ ರೋಲ್ ಈಗ ಎಲ್ಲರ ಮನೆಗೂ ಬಂದಿದೆ. ನಮ್ಮ ಮಸಿಬಟ್ಟೆ ಎಲ್ಲಿ ಹೋಯಿತು? ಕೇಳಿದರೆ ವಾಸನೆ ಬರುತ್ತದೆ ಅನ್ನುತ್ತಾರೆ. ನಿಜ, ಒದ್ದೆ ಬಟ್ಟೆ ಮುದುಡಿ ಸಿಂಕಿನ ಪಕ್ಕ ಬಿಟ್ಟರೆ ನಾರದೆ ಇನ್ನೇನು ಆಗುತ್ತದೆ. ಹಳೆ ಪಂಚೆಯನ್ನು ಹನ್ನೆರಡು ತುಂಡು ಮಾಡಿ. ಒಲೆ, ಕಟ್ಟೆ ಒರೆಸಲು ಒಂದು, ಕೈಗೆ ಒಂದು, ಬಿಸಿ ಪಾತ್ರೆ ಇಳಿಸಲು ದಪ್ಪನೆಯದು ಬೇರೆ. ರಾತ್ರಿ ಕೆಲಸ ಮುಗಿದ ಮೇಲೆ ಆ ದಿನದ್ದನ್ನೆಲ್ಲ ಒಗೆದು ತಂತಿಗೆ ಹಾಕಿ, ಬೆಳಿಗ್ಗೆ ಬೇರೆ ಜೊತೆ ತೆಗೆಯಿರಿ. ವಾರಕ್ಕೊಮ್ಮೆ ಒಂದು ಚಮಚ ವಾಷಿಂಗ್ ಸೋಡಾ ಹಾಕಿ ಹತ್ತು ನಿಮಿಷ ಕುದಿಸಿ, ಬಿಸಿಲಿಗೆ ಹಾಕಿದರೆ ಎಣ್ಣೆ ಜಿಡ್ಡೂ ಹೋಗುತ್ತದೆ, ವಾಸನೆಯೂ ಇರುವುದಿಲ್ಲ. ಅದೇ ಪಂಚೆಯ ಇನ್ನೊಂದು ತುಂಡಿನಲ್ಲಿ ಕೊತ್ತಂಬರಿ ಸೊಪ್ಪು ಸುತ್ತಿಡಿ. ಬೇರು ಕತ್ತರಿಸಿ, ನೀರಿದ್ದರೆ ಅರ್ಧ ಗಂಟೆ ಹರಡಿ ಆರಿಸಿ, ಆಮೇಲೆ ಸುತ್ತಿ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಟ್ಟರೆ ವಾರವಾದರೂ ಕೊಳೆಯುವುದಿಲ್ಲ. ಕವರಿನಲ್ಲಿ ಬೆವರಿ ಕೊಳೆತು ಎಸೆದ ಸೊಪ್ಪೂ ಕಸವೇ.

ಪಾತ್ರೆ ಉಜ್ಜಲು ತುಪ್ಪದ ಹೀರೆಕಾಯಿಯ ನಾರು ಬಳಸಿ. ಒಂದೆರಡು ಕಾಯಿಯನ್ನು ಬಳ್ಳಿಯಲ್ಲೇ ಒಣಗಲು ಬಿಡಿ. ಅಲ್ಲಾಡಿಸಿದಾಗ ಬೀಜ ಗಲಗಲ ಅಂದರೆ ಸಿಪ್ಪೆ ಸುಲಿದು, ಬೀಜ ಉದುರಿಸಿ, ಅಂಗೈ ಅಗಲಕ್ಕೆ ಕತ್ತರಿಸಿಕೊಳ್ಳಿ. ಹಸಿರು ಸ್ಕ್ರಬ್ಬರ್ ಸವೆದು ಚೂರು ಚೂರಾಗಿ ಚರಂಡಿ ಸೇರುತ್ತದೆ, ಈ ನಾರು ಸವೆದರೆ ಗೊಬ್ಬರದ ಗುಂಡಿಗೆ ಹಾಕಬಹುದು. ಕಬ್ಬಿಣದ ಕಾವಲಿಗೆ ಮಾತ್ರ ತೆಂಗಿನ ನಾರೇ ಸರಿ.

ಹಾಲಿನ ಪ್ಯಾಕೆಟ್ ತಪ್ಪಿಸಲು ಆಗುವುದಿಲ್ಲ, ಗೊತ್ತು. ಮೂಲೆಯ ತುಂಡನ್ನು ಪೂರ್ತಿ ಕತ್ತರಿಸಿ ಹಾಕಬೇಡಿ, ಪ್ಯಾಕೆಟ್ಟಿಗೇ ಅಂಟಿಕೊಂಡಿರಲಿ. ಆ ಸಣ್ಣ ಚೂರನ್ನು ಯಾರೂ ಆರಿಸುವುದಿಲ್ಲ, ಅದು ಮಣ್ಣಿಗೇ ಹೋಗುತ್ತದೆ. ತೊಳೆದು ಒಣಗಿಸಿ ಕೂಡಿಟ್ಟರೆ ಗುಜರಿಯವರು ತೆಗೆದುಕೊಳ್ಳುತ್ತಾರೆ.

ಹೆಣ್ಣುಮಕ್ಕಳಿಗೆ ಒಂದು ವಿಷಯ, ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಮುಟ್ಟಿನ ಬಟ್ಟೆಯನ್ನು ನಾವು ಬಚ್ಚಲ ಹಿಂದಿನ ಕತ್ತಲೆಯಲ್ಲಿ, ಇನ್ನೊಂದು ಬಟ್ಟೆಯ ಅಡಿ ಬಚ್ಚಿಟ್ಟು ಒಣಗಿಸುತ್ತಿದ್ದೆವು. ಅದು ತಪ್ಪು. ಬಟ್ಟೆ ಪ್ಯಾಡ್ ಬಳಸುವವರು ಮೊದಲು ತಣ್ಣೀರಿನಲ್ಲಿ ನೆನೆಸಿ, ಬಿಸಿ ನೀರು ಹಾಕಿದರೆ ಕಲೆ ಕೂತುಬಿಡುತ್ತದೆ. ಸೋಪು ಹಚ್ಚಿ ಒಗೆದು ಚೆನ್ನಾಗಿ ಬಿಸಿಲು ಬೀಳುವ ಕಡೆ ಎಲ್ಲರ ಎದುರಿಗೇ ಒಣಗಿಸಿ. ನನ್ನ ಸೊಸೆ ಮುಟ್ಟಿನ ಕಪ್ ಬಳಸುತ್ತಾಳೆ, ಪ್ರತಿ ಸಲ ಮುಟ್ಟು ಮುಗಿದ ಮೇಲೆ ಕುದಿಸಿ ಎತ್ತಿಡುತ್ತಾಳೆ, ವರ್ಷಗಟ್ಟಲೆ ಬರುತ್ತದೆ. ಯಾರಿಗೆ ಯಾವುದು ಒಗ್ಗುತ್ತದೋ ಅದನ್ನು ಬಳಸಿ, ಯಾರನ್ನೂ ಒತ್ತಾಯ ಮಾಡಬೇಡಿ.

ಇನ್ನು ಸಮಾರಂಭ. ವರ್ಷವಿಡೀ ಉಳಿಸಿದ್ದೆಲ್ಲ ಒಂದೇ ದಿನದಲ್ಲಿ ನೀರುಪಾಲಾಗುವುದು ಇಲ್ಲಿಯೇ. ಕರ್ನಾಟಕದಲ್ಲಿ 2016ರ ಮಾರ್ಚ್‌ನಲ್ಲೇ ಕ್ಯಾರಿ ಬ್ಯಾಗಿನಿಂದ ಹಿಡಿದು ಊಟದ ಮೇಜಿಗೆ ಹಾಸುವ ಪ್ಲಾಸ್ಟಿಕ್ ಹಾಳೆಯವರೆಗೆ ನಿಷೇಧ ಬಂತು. 2022ರ ಜುಲೈ 1ರಿಂದ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾಗಳಿಗೆ ದೇಶದಲ್ಲೆಲ್ಲ ನಿಷೇಧ. ಅದಕ್ಕೆ ಜನ ಪೇಪರ್ ಲೋಟಕ್ಕೆ ಬಂದರು, ಆದರೆ ಅದರ ಒಳಗೂ ತೆಳ್ಳನೆಯ ಪ್ಲಾಸ್ಟಿಕ್ ಪದರ ಇರುತ್ತದೆ, ಇಲ್ಲದಿದ್ದರೆ ಬಿಸಿ ಕಾಫಿ ಹೇಗೆ ನಿಲ್ಲುತ್ತಿತ್ತು? ಪುಟ್ಟ ನೀರಿನ ಬಾಟಲಿಯಂತೂ ಎರಡು ಗುಟುಕು ಕುಡಿದು ಮೇಜಿನ ಮೇಲೇ ಬಿಟ್ಟು ಹೋಗುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ.

ಕಳೆದ ವರ್ಷ ಮೊಮ್ಮಗಳ ನಾಮಕರಣಕ್ಕೆ ಶಾಮಿಯಾನದ ಅಂಗಡಿಯಿಂದಲೇ 150 ಸ್ಟೀಲ್ ಲೋಟ ಬಾಡಿಗೆಗೆ ತಂದೆವು. ಬೆಂಗಳೂರಿನವರಾದರೆ ಸಮಾರಂಭಕ್ಕೆ ಸ್ಟೀಲ್ ತಟ್ಟೆ, ಲೋಟ ಕೊಟ್ಟು ವಾಪಸ್ ತೆಗೆದುಕೊಳ್ಳುವ ಅದಮ್ಯ ಚೇತನ ಸಂಸ್ಥೆಯವರ ತಟ್ಟೆ ಬ್ಯಾಂಕ್ ಇದೆ, ಅಲ್ಲಿ ವಿಚಾರಿಸಿ. ಊಟಕ್ಕೆ ಬಾಳೆ ಎಲೆ, ನೀರಿಗೆ ಜಗ್ಗು. ಲೋಟ ತೊಳೆಯುವ ಹೆಂಗಸರಿಬ್ಬರಿಗೆ ಮೊದಲೇ ಮಾತಾಡಿ, ಎಷ್ಟು ಜನ ಬರುತ್ತಾರೆ ಅಂತ ಹೇಳಿ, ಒಳ್ಳೆಯ ಕೂಲಿ ಕೊಡಿ. ನಮ್ಮ ಅನುಕೂಲಕ್ಕೆ ಅವರ ಸೊಂಟ ಮುರಿಯಬಾರದು. ನಾಲ್ಕು ಲೋಟ ಕಳೆದುಹೋದವು, ದುಡ್ಡು ಕಟ್ಟಿದೆವು. ತಾಂಬೂಲಕ್ಕೆ ನಾನೂ ನನ್ನ ತಂಗಿಯೂ ಎರಡು ತಿಂಗಳು ಕೂತು, ಉಡದೆ ಬಿಟ್ಟ ಕಾಟನ್ ಸೀರೆಗಳಲ್ಲಿ ಚೀಲ ಹೊಲಿದೆವು. ತೆಂಗಿನಕಾಯಿ ಹಾಕಿದ ಮೇಲೂ ಜಾಗ ಉಳಿಯುವಷ್ಟು ದೊಡ್ಡದಾಗಿ ಹೊಲಿಯಬೇಕು ಅಂತ ತಂಗಿ ಹಟ ಹಿಡಿದಳು, ಅದು ಒಳ್ಳೆಯದೇ ಆಯಿತು. ಹೋದ ವಾರ ದೇವರಾಜ ಮಾರ್ಕೆಟ್ಟಿನಲ್ಲಿ ನಮ್ಮ ಬೀದಿಯ ಕೊನೆ ಮನೆಯವರು ಸಿಕ್ಕಿದರು. ಕೈಯಲ್ಲಿ ನನ್ನ ಹಳೇ ನೇರಳೆ ಬಣ್ಣದ ಸೀರೆಯ ಚೀಲ, ಅದರ ಬಾಯಿಂದ ಅರ್ಧ ಹೊರಗೆ ಬಂದಿದ್ದ ನುಗ್ಗೆಕಾಯಿ ಕಟ್ಟು.